ನಡುಗಡಲಲ್ಲಿ ಮೊಬೈಲಿನ ನೀಲಿ ಚುಕ್ಕೆ

ನಮ್ಮೂರು ಮಾಲೂರು. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಕಡಲು ಹಾಗಿರಲಿ, ವರ್ಷವಿಡೀ ಹರಿಯೋ ಒಂದು ಹೊಳೆಯೂ ನಮ್ಮ ಕೋಲಾರದ ಕಡೆ ಇಲ್ಲ. ಇಂಥವನಿಗೆ ದೋಣಿಯ ಉಸಾಬರಿ ಯಾಕಪ್ಪಾ ಅಂತ ನೀವು ಕೇಳಬಹುದು :) ಆಪ್ ಬರೆಯೋದೇ ಹೊಟ್ಟೆಪಾಡು ನೋಡಿ, ಅದರ ಹಿಂದಿನ ಕಥೆ ಕೆದಕೋ ಚಟ, ಅಷ್ಟೆ.

ಮೊದಲೆಲ್ಲ ದಡವೇ ದೋಣಿಗೆ ದಾರಿ ತೋರಿಸುತ್ತಿತ್ತು. ಉಡುಪಿ ಹತ್ತಿರ ಕಾಪುವಿನ ದೀಪಸ್ತಂಭ 1901ರದ್ದು. ಅದರ ಬೆಳಕು ಕಂಡಷ್ಟು ದೂರ ಧೈರ್ಯ. ಆಮೇಲೆ ಆ ಕೆಲಸ ಆಕಾಶಕ್ಕೆ ಹೋಯಿತು. ಅಮೆರಿಕದ ಜಿಪಿಎಸ್ ಹುಟ್ಟಿದ್ದು ಸೈನ್ಯಕ್ಕಾಗಿ. ಉಳಿದವರಿಗೆ ಬೇಕಂತಲೇ ಮಸುಕು ಮಾಡಿ, ನೂರು ಮೀಟರ್‌ವರೆಗೂ ತಪ್ಪು ಬರುವಂತೆ ಕೊಡುತ್ತಿದ್ದರು. 2000ದ ಮೇ ಮೊದಲಲ್ಲಿ ಆ ಮಸುಕು ತೆಗೆದರು. 2008ರ ಐಫೋನ್ 3ಜಿಯಲ್ಲಿ ಜಿಪಿಎಸ್ ಬಂತು. ಹಡಗಿನವರ ಚಾರ್ಟುಗಳು ಫೋನು, ಟ್ಯಾಬ್ಲೆಟ್ಟಿನ ಆಪ್ ಆಗೋಕೆ ಹೆಚ್ಚು ದಿನ ಹಿಡಿಯಲಿಲ್ಲ.

ಫೋನು ಉಪಗ್ರಹಕ್ಕೆ ನಮ್ಮ ಜಾಗ ಹೇಳುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ, ಅದು ಸುಮ್ಮನೆ ಕೇಳಿಸಿಕೊಳ್ಳುತ್ತೆ. ಕನಿಷ್ಠ ನಾಲ್ಕು ಉಪಗ್ರಹಗಳ ಗಡಿಯಾರ ಕೇಳಿ, ತಾನೇ ಲೆಕ್ಕ ಹಾಕುತ್ತೆ. ಹಾಗಾಗಿ ಚಾರ್ಟ್ ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದ ಕಡೆಯೂ ನೀಲಿ ಚುಕ್ಕೆ ಸರಿಯಾಗೇ ಚಲಿಸುತ್ತೆ. ಆದರೆ ಆ ಚುಕ್ಕೆ ಕಾಣೋದು ಬೋಟಿನೊಳಗಿರೋರಿಗೆ ಮಾತ್ರ! ದಡದಿಂದ ಹತ್ತು-ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸಿಗ್ನಲ್ ಸಿಗೋದಿಲ್ಲ.

2018ರ ಡಿಸೆಂಬರ್ 13ರ ರಾತ್ರಿ ಮಲ್ಪೆಯಿಂದ 'ಸುವರ್ಣ ತ್ರಿಭುಜ' ಅನ್ನೋ ಬೋಟು ಹೊರಟಿತು. ಒಳಗೆ ಏಳು ಜನ. ಎರಡೇ ದಿನಕ್ಕೆ ಸಂಪರ್ಕ ಕಡಿಯಿತು. ಬೋಟಿನ ಅವಶೇಷ ನೌಕಾಪಡೆಯ ನಿರೀಕ್ಷಕ್ ಹಡಗಿಗೆ ಸಿಕ್ಕಿದ್ದು 2019ರ ಮೇ ಮೊದಲ ವಾರ, ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ. ನಾಲ್ಕೂವರೆ ತಿಂಗಳು ಮನೆಯವರು ಹೇಗೆ ಕಾದರೋ...

ಅದಕ್ಕೂ ಹಿಂದಿನ ವರ್ಷ ಓಖಿ ಚಂಡಮಾರುತ ಬಂದಾಗ ನಡುಗಡಲಲ್ಲಿದ್ದ ಕೇರಳ, ತಮಿಳುನಾಡಿನ ಎಷ್ಟೋ ದೋಣಿಗಳಿಗೆ ಎಚ್ಚರಿಕೆಯೇ ಮುಟ್ಟಿರಲಿಲ್ಲ. ಆಮೇಲೆ 2019ರ ಅಕ್ಟೋಬರಿನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ 'ಜೆಮಿನಿ' ಬಂತು. ಉಪಗ್ರಹದಿಂದ ಬಂದ ಎಚ್ಚರಿಕೆಯನ್ನು ಬ್ಲೂಟೂತ್‌ನಲ್ಲಿ ಫೋನಿನ ಆಪ್‌ಗೆ ಕೊಡೋ ಪೆಟ್ಟಿಗೆ. ಒಳ್ಳೇದೇ, ಆದರೆ ಒಮ್ಮುಖ. ದೋಣಿಯವರು ತಿರುಗಿ ಮಾತಾಡೋ ಹಾಗಿಲ್ಲ.

ಇಸ್ರೋದ ಇನ್ನೊಂದು ಪೆಟ್ಟಿಗೆ 2010ರಿಂದಲೇ ಇತ್ತು. ಅದು ಉಲ್ಟಾ. ಅಪಾಯವಾದಾಗ ಗುಂಡಿ ಒತ್ತಿದರೆ ಚೆನ್ನೈನ ಕೋಸ್ಟ್ ಗಾರ್ಡ್ ಕೇಂದ್ರಕ್ಕೆ ಸುದ್ದಿ. ಮುಟ್ಟಿತೋ ಇಲ್ಲವೋ ಅಂತ ಒತ್ತಿದ ತಾಂಡೇಲನಿಗೆ ಮಾತ್ರ ತಿಳಿಯುತ್ತಿರಲಿಲ್ಲ. ಅಕ್ನಾಲೆಡ್ಜ್‌ಮೆಂಟ್ ಬಾರದ ಮೆಸೇಜ್ ಅಂದರೆ ಎಸಿ ರೂಮಲ್ಲಿ ಕೂತ ನಮಗೇ ಚಡಪಡಿಕೆ. ನೀರು ನುಗ್ಗುತ್ತಿರೋ ಬೋಟಿನಲ್ಲಿ ನಿಂತವನಿಗೆ? ಕೊನೆಗೆ ಹೊಸ ಆವೃತ್ತಿ ಬಂತು. ನಮ್ಮದೇ ನಾವಿಕ್ ಉಪಗ್ರಹಗಳಿಂದ ಜಾಗ ತಿಳಿಯುತ್ತೆ, ಸುದ್ದಿ ಮುಟ್ಟಿತು ಅಂತ ದಡದಿಂದ ಉತ್ತರ ಬರುತ್ತೆ, ಅದನ್ನು ಫೋನಿನ ಆಪ್‌ನಲ್ಲಿ ತಮ್ಮ ಭಾಷೆಯಲ್ಲೇ ಓದಬಹುದು. ಅದು ಬಂದಿದ್ದು 2024ರ ಜನವರಿಯಲ್ಲಿ, ಸುವರ್ಣ ತ್ರಿಭುಜ ಮಲ್ಪೆ ಬಿಟ್ಟು ಐದು ವರ್ಷ ಒಂದು ತಿಂಗಳಾದ ಮೇಲೆ.