ಉಪಕರಣತ್ಯಾಗದ ಕಾರಣಗಳು: ಜಮಖಂಡಿ ಸೀಮೆಯ ಮೋಡಿ, ಮಗ್ಗ ಮತ್ತು ಗಣಕಯಂತ್ರ

ಜಮಖಂಡಿಯ ಪಟವರ್ಧನರೂ ಮುಧೋಳದ ಘೋರ್ಪಡೆಯವರೂ ಆಳುತ್ತಿದ್ದ ಕಾಲದಲ್ಲಿ ಪ್ರಜೆಗಳ ಮಾತು ಕನ್ನಡವಾಗಿದ್ದರೂ ದಫ್ತರದ ಭಾಷೆ ಮರಾಠಿಯಾಗಿದ್ದಿತು. ಕಾರಕೂನರ ಲಿಪಿ ಮೋಡಿಯಾಗಿದ್ದಿತು. ಲೇಖನಿಯನ್ನು ಆದಷ್ಟು ಎತ್ತದೆ ಓಡಿಸುವ ಈ ಲಿಪಿಯು ಕೈಬರಹಕ್ಕೆ ಎಷ್ಟು ಅನುಕೂಲವೋ ಅಚ್ಚಿನ ಕೆಲಸಕ್ಕೆ ಅಷ್ಟೇ ತೊಡಕಿನದು. ಮೋಡಿಯ ಅಚ್ಚುಮೊಳೆಗಳು ಇರಲಿಲ್ಲವೆಂದಲ್ಲ. ಆದರೆ ಮುದ್ರಣಾಲಯಗಳು ಬಾಲಬೋಧವನ್ನೇ ಹಿಡಿದವು, ಶಾಲೆಗಳು ಅವುಗಳನ್ನು ಹಿಂಬಾಲಿಸಿದವು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಹೊತ್ತಿಗೆ ಮೋಡಿಯ ಕಾಲ ಮುಗಿಯುತ್ತ ಬಂದಿದ್ದಿತು. ಲಿಪಿಯಲ್ಲಿ ಹೊಸದಾಗಿ ಯಾವ ದೋಷವೂ ಹುಟ್ಟಿರಲಿಲ್ಲ. ಅದನ್ನು ಹೊತ್ತಿದ್ದ ವ್ಯವಸ್ಥೆಯೇ ಬೇರೆಯಾಗಿದ್ದಿತು.

ಗಣಕಯಂತ್ರದ ಸಾಫ್ಟ್‌ವೇರ್ ಕಂಪೆನಿಗಳು ತಮ್ಮ ಹಳೆಯ ಪ್ರೋಗ್ರಾಮಿಂಗ್ ಉಪಕರಣಗಳನ್ನು ಏಕೆ ಕೈಬಿಡುತ್ತವೆಂಬ ಪ್ರಶ್ನೆಗೂ ಇಲ್ಲಿಂದಲೇ ಹೊರಡುವುದು ಉಚಿತವಾಗಿದೆ. ಮೈಕ್ರೋಸಾಫ್ಟ್ ಕಂಪೆನಿಯು 1991ರಲ್ಲಿ ಹೊರತಂದ ವಿಶುವಲ್ ಬೇಸಿಕ್ ಎಂಬ ಉಪಕರಣವು ಗಣಿತಶಾಸ್ತ್ರವನ್ನು ಆಳವಾಗಿ ಓದದವರಿಗೂ ಕ್ರಮವಿಧಿ ರಚಿಸುವ ಶಕ್ತಿಯನ್ನು ಕೊಟ್ಟಿತು. 1998ರಲ್ಲಿ ಬಂದ ಅದರ 6ನೆಯ ಆವೃತ್ತಿಯೇ ಆ ವಂಶದ ಕಡೆಯದು. 2002ರಲ್ಲಿ ಕಂಪೆನಿಯು ಡಾಟ್‌ನೆಟ್ ಎಂಬ ಹೊಸ ತಳಹದಿಯನ್ನು ಹಾಕಿತು. ಅದರ ಮೇಲೆ ಬಂದ ಭಾಷೆಗೆ ಹೆಸರು ಹಳೆಯದಾದರೂ ಹಳೆಯ ಕ್ರಮವಿಧಿಗಳು ಅದರಲ್ಲಿ ನೇರವಾಗಿ ನಡೆಯಲಿಲ್ಲ. 2005ರಲ್ಲಿ ಪ್ರೋಗ್ರಾಮುಕಾರರು ಹಳೆಯದನ್ನು ಉಳಿಸಬೇಕೆಂದು ಮನವಿಪತ್ರ ಸಲ್ಲಿಸಿದರು, ಅದು ಫಲಿಸಲಿಲ್ಲ. 2008ರ ಏಪ್ರಿಲಿನಲ್ಲಿ ರಚನಾ ಉಪಕರಣದ ಪೋಷಣೆ ಪೂರ್ಣವಾಗಿ ನಿಂತಿತು. ಅದರಿಂದ ಮೊದಲೇ ಸಿದ್ಧವಾಗಿದ್ದ ಕ್ರಮವಿಧಿಗಳು ಮಾತ್ರ ವಿಂಡೋಸಿನಲ್ಲಿ ನಡೆಯುವಂತೆ ಕಂಪೆನಿಯು ಏರ್ಪಾಡನ್ನು ಉಳಿಸಿಕೊಂಡಿತೆಂಬುದನ್ನೂ ಹೇಳಬೇಕು.

ಇದು ಬರಿಯ ಲೋಭವೆಂದು ಹೇಳುವವರುಂಟು. ಹೊಸ ಸರಕನ್ನು ಮಾರದೆ ವ್ಯಾಪಾರ ನಡೆಯದಾದುದರಿಂದ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ಉಪಕರಣದ ಸ್ವಭಾವಕ್ಕೆ ಸೇರಿದುದು. ಸಾಫ್ಟ್‌ವೇರ್ ತಾನಾಗಿ ಸವೆಯುವುದಿಲ್ಲ. ಅದರ ಕೆಳಗಿನ ನೆಲ ಸರಿಯುತ್ತದೆ. 16 ಬಿಟ್ಟಿನ ಯಂತ್ರಕ್ಕೆಂದು ಬರೆದುದನ್ನು 64 ಬಿಟ್ಟಿನ ವಿಂಡೋಸ್ ನಡೆಸುವುದಿಲ್ಲ. ಜಾಲದ ಮೂಲಕ ಬರುವ ಕಳ್ಳರಿಗೆ ಹಳೆಯ ಬಿರುಕುಗಳೇ ಬಾಗಿಲುಗಳಾದುದರಿಂದ, ಪೋಷಿಸುವೆನೆಂದ ಕಂಪೆನಿಯು ಅವನ್ನೆಲ್ಲ ಮುಚ್ಚುತ್ತಲೇ ಇರಬೇಕು. ಎರಡು ತಳಹದಿಗಳನ್ನು ಒಟ್ಟಿಗೆ ಕಾಯಲು ಎರಡು ಪಡೆ ಬೇಕು. ನಿಪುಣರಾದ ತರುಣರು ಹಳೆಯ ಪಡೆಯನ್ನು ಸೇರಲೊಲ್ಲರು.

ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳನ್ನು ಬಲ್ಲವರಿಗೆ ಇಲ್ಲಿ ಒಂದು ಭೇದ ಹೊಳೆಯದಿರದು. ಫ್ರಾನ್ಸಿನ ಲಿಯೋ ನಗರದ ಜಕಾರ್ಡನು 1804ರ ಸುಮಾರಿಗೆ ಸಿದ್ಧಪಡಿಸಿದ ಯಂತ್ರದಲ್ಲಿ ರಟ್ಟಿನ ರಂಧ್ರವಿದ್ದಲ್ಲಿ ಹಾಸಿನ ಎಳೆ ಏಳುತ್ತದೆ, ಇಲ್ಲದಲ್ಲಿ ಏಳದು. ರಟ್ಟಿನ ಮಾಲೆಯೇ ಚಿತ್ತಾರದ ವಿಧಿ. ಬ್ಯಾಬೇಜನು ತನ್ನ ಗಣನಯಂತ್ರದ ಯೋಜನೆಗೆ ಈ ರಟ್ಟುಗಳನ್ನೇ ಎತ್ತಿಕೊಂಡನು. ಅಮೆರಿಕದ 1890ರ ಜನಗಣತಿಯಲ್ಲಿ ಹೊಲೆರಿತನು ರಂಧ್ರಪತ್ರಗಳನ್ನು ಬಳಸಿದನು. 20ನೆಯ ಶತಮಾನದ ಗಣಕಗಳಿಗೂ ಬಹುಕಾಲ ಅವೇ ಪತ್ರಗಳಲ್ಲಿ ಆಜ್ಞೆ ಸಲ್ಲುತ್ತಿದ್ದಿತು. ವಿದ್ಯುತ್ ಮಗ್ಗಗಳ ಮುಂದೆ ಕುಣಿಮಗ್ಗ ಹಿಂದೆ ಸರಿದಿದೆ, ನಿಜ. ಆದರೂ ಯಾವ ಕಂಪೆನಿಯ ಅಪ್ಪಣೆಯೂ ಅದನ್ನು ನಿಲ್ಲಿಸಲಾರದು. ಮುರಿದ ಭಾಗವನ್ನು ಬಡಿಗನು ಮಾಡಿಕೊಡುತ್ತಾನೆ, ಲಾಳಿಯ ಗುಟ್ಟು ಎಲ್ಲರಿಗೂ ತಿಳಿದುದು. ವಿಶುವಲ್ ಬೇಸಿಕ್ಕಿನ ಮೂಲಸಂಕೇತವು ಅದರ ಒಡೆಯನ ಪೆಟ್ಟಿಗೆಯಲ್ಲಿಯೇ ಇರುವುದರಿಂದ ಆ ಕೆಲಸಕ್ಕೆ ಊರ ಬಡಿಗನಿಲ್ಲ.

ಈ ವಿಷಯವು ಸಾಹಿತ್ಯದ ಅಧ್ಯಾಪಕರಿಗೂ ದೂರದ್ದಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿದ್ದಿತು. ಆದರೆ ಗಣಕಗಳು ಅದನ್ನು ಸರಿಯಾಗಿ ತೋರಿಸಲು ಮತ್ತೂ ಹತ್ತಾರು ವರ್ಷ ಹಿಡಿದುದರಿಂದ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಮನೆಗಳೊಳಗೆ ಕನ್ನಡದ ತುಣುಕುಗಳನ್ನು ಕೂಡಿಸಿ ಕೆಲಸ ಸಾಗಿಸಲಾಯಿತು. ಆ ಕಾಲಕ್ಕೆ ಅದೊಂದು ಜಾಣ ಉಪಾಯ. ಕನ್ನಡದ ಪುಸ್ತಕಗಳು, ಪತ್ರಿಕೆಗಳು, ಪ್ರೌಢಪ್ರಬಂಧಗಳು ಅದರಿಂದಲೇ ಹೊರಬಂದವು. ಮುಧೋಳದ ರನ್ನನ ಗದಾಯುದ್ಧವನ್ನು ಅಂಥ ಫಾಂಟಿನಲ್ಲಿ ಬೆರಳಚ್ಚಿಸಿಟ್ಟು, ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಅರ್ಥಹೀನವಾದ ರಾಶಿ. ತಾಳೆಗರಿಯ ಗೆದ್ದಲು ಅಲ್ಲಲ್ಲಿ ಅಕ್ಷರಗಳನ್ನು ತಿನ್ನುತ್ತಿದ್ದಿತು; ಇಲ್ಲಿ ಇಡೀ ಗ್ರಂಥವೇ ಒಂದೇ ಸಲಕ್ಕೆ ಮಂಕಾಗುತ್ತದೆ. ಪರಿವರ್ತಕ ತಂತ್ರಾಂಶಗಳು ಇವೆ. ಆದರೆ ಅವು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುವುದುಂಟಾದುದರಿಂದ, ಹಳಗನ್ನಡ ಬಲ್ಲವರು ಕುಳಿತು ತಿದ್ದದ ಹೊರತು ಪಾಠವನ್ನು ನಂಬಲಾಗದು. ಅಚ್ಚಾದ ಪ್ರತಿಯುಳ್ಳ ಗ್ರಂಥಕ್ಕೆ ಆ ತಿದ್ದುಪಡಿ ಸಾಧ್ಯ. ಗಣಕದಲ್ಲಿ ಮಾತ್ರ ಉಳಿದ ಟಿಪ್ಪಣಿ, ಜಾನಪದ ಸಂಗ್ರಹಗಳಿಗೆ ಹೋಲಿಸಿ ನೋಡಲು ಬೇರೆ ಪ್ರತಿಯೇ ಇಲ್ಲ.

ಮೋಡಿಯಾದರೋ 2014ರಲ್ಲಿ ಯೂನಿಕೋಡಿನ 7ನೆಯ ಆವೃತ್ತಿಯೊಳಗೆ ಸ್ಥಾನ ಪಡೆದಿದೆ. ಅದನ್ನು ಸರಾಗವಾಗಿ ಓದಬಲ್ಲವರು ವಿರಳರಾದ ಮೇಲೆ ಅದಕ್ಕೆ ಈ ಸ್ಥಾನ ಲಭಿಸಿತು.