ಬೋಳು ತಲೆಯ ಮುಂದೆ ಮೂರು ತಲೆಮಾರು

ನಮ್ಮಜ್ಜನ ಹಡಪ ಈಗಲೂ ಹುಬ್ಬಳ್ಳಿಯ ನನ್ನ ಅಂಗಡಿಯ ಗೂಟಕ್ಕೆ ನೇತಾಡುತ್ತಿದೆ. ಒಳಗೆ ಕಟ್ಟಿಗೆ ಹಿಡಿಯ ಕತ್ತಿ, ಸಾಣೆಕಲ್ಲು, ಹಿತ್ತಾಳೆ ಬಟ್ಟಲು, ಉಗುರುಗತ್ತಿ. ಧಾರವಾಡ ಸೀಮೆಯ ಹಳ್ಳಿಯಲ್ಲಿ ಆತ ಆಯಗಾರ. ವರ್ಷವಿಡೀ ಊರ ಮಂದಿಯ ತಲೆ, ಗಡ್ಡ ನೋಡಿಕೊಂಡರೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ಅಳೆಸಿಕೊಂಡು ಬರುವುದು. ರೊಕ್ಕದ ಮುಖ ಕಂಡದ್ದು ಕಡಿಮೆ. ಆ ಆಯದೊಳಗೇ ಇನ್ನೊಂದು ಕೆಲಸ ಸೇರಿತ್ತು. ಅಜ್ಜ ಅದರ ಸುದ್ದಿ ಎತ್ತುತ್ತಿರಲಿಲ್ಲ, ಅಪ್ಪ ಹೇಳಿ ನನಗೆ ಗೊತ್ತು. ಮಡಿವಂತರ ಮನೆಯ ಹಿತ್ತಿಲಿಗೆ ಹೋಗಿ ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸುವ ಕೆಲಸ ಅದು. ಕೆಲವರಿಗೆ ಹದಿನಾರೂ ತುಂಬಿರುತ್ತಿರಲಿಲ್ಲವಂತೆ.

ಈ ಕೆಲಸ ಒಲ್ಲೆವು ಅಂದವರೂ ನಮ್ಮ ಕಸುಬಿನವರೇ. 1890ರಲ್ಲಿ ಮುಂಬೈಯ ನೂರಾರು ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆಗೆ ಇನ್ನು ಕತ್ತಿ ಮುಟ್ಟಿಸುವುದಿಲ್ಲ ಎಂದು ತೀರ್ಮಾನಿಸಿದರು. ಅವರ ಬೆನ್ನಿಗೆ ನಿಂತವರು ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ. ನಮ್ಮ ಸೀಮೆಯೂ ಆಗ ಮುಂಬೈ ಪ್ರಾಂತ್ಯದ್ದೇ. ಆದರೂ ಆ ಗಾಳಿ ಅಜ್ಜನ ಹಳ್ಳಿವರೆಗೆ ಬೀಸಲಿಲ್ಲ. ನಮ್ಮ ಪಾಠಪುಸ್ತಕಗಳಲ್ಲಿ ಆ ಸಭೆಗೆ ಒಂದು ಸಾಲಾದರೂ ಸಿಗಬೇಕಿತ್ತು.

ಕತ್ತಿಯಿಲ್ಲದೆ ತಲೆ ಬೋಳಾಗುವ ಕಾಲ ಶುರುವಾದದ್ದೂ ಅದೇ ದಶಕದಲ್ಲಿ. 1895ರ ನವೆಂಬರ್‌ನಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದರು. ಮರುವರ್ಷವೇ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜಾನ್ ಡೇನಿಯಲ್ ತಮ್ಮ ಸಹೋದ್ಯೋಗಿ ಡಾ. ಡಡ್ಲಿಯವರ ತಲೆಬುರುಡೆಯ ಚಿತ್ರ ತೆಗೆಯಲು ಹೋದರು. 21 ದಿನ ಕಳೆಯುವಷ್ಟರಲ್ಲಿ ಕಿರಣ ಬಿದ್ದ ಜಾಗದ ಕೂದಲೆಲ್ಲ ಉದುರಿತು. ಪ್ಯಾರಿಸ್‌ನ ಚರ್ಮವೈದ್ಯ ಸಬುರೋ ಇದನ್ನೇ ಉಪಾಯ ಮಾಡಿಕೊಂಡು, 1904ರ ಹೊತ್ತಿಗೆ ತಲೆಗೆ ಹುಳುಕಡ್ಡಿ ಹತ್ತಿದ ಮಕ್ಕಳ ಕೂದಲನ್ನು ಕಿರಣದಿಂದಲೇ ಉದುರಿಸತೊಡಗಿದರು. ಎಕ್ಸ್-ರೇ ಒಂದು ಕಾಲಕ್ಕೆ ನಮ್ಮ ಕಸುಬಿಗೂ ಕೈ ಹಾಕಿತ್ತು ಅಂದರೆ ಗಿರಾಕಿಗಳು ನಗುತ್ತಾರೆ.

ಆಮೇಲೆ ಕ್ಯಾನ್ಸರ್‌ಗೆ ಕೀಮೋ ಔಷಧಗಳು ಬಂದವು. ಅದರಲ್ಲಿ ವಿನ್‌ಕ್ರಿಸ್ಟಿನ್ ಸಿಕ್ಕಿದ್ದು ನಮ್ಮ ಅಂಗಳದಲ್ಲೂ ಬೆಳೆಯುವ ಕಾಶಿ ಕಣಗಿಲೆ ಗಿಡದಿಂದ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶ ಎಲ್ಲಿದ್ದರೂ ಇಂಥ ಔಷಧ ಬಿಡುವುದಿಲ್ಲ, ಕೂದಲ ಬೇರಿನ ಕೋಶವೂ ಆ ಜಾತಿಯದೇ. ತಲೆಯ ನೂರು ಕೂದಲಲ್ಲಿ 85ರಿಂದ 90 ಸದಾ ಬೆಳೆಯುತ್ತಲೇ ಇರುವುದರಿಂದ ಎರಡು ಮೂರು ವಾರದಲ್ಲಿ ದಿಂಬಿನ ತುಂಬ ಕೂದಲು. ಜೀವ ಉಳಿದರೆ ಸಾಕಲ್ಲ ಎಂದು ವೈದ್ಯಲೋಕ ಬಹುಕಾಲ ಇದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತಲೆಗೆ ಮಂಜುಗಡ್ಡೆ ಕಟ್ಟಿ ಕೂದಲು ಉಳಿಸುವ ಪ್ರಯತ್ನ 1970ರ ದಶಕದಲ್ಲಿ ನಡೆಯಿತು. ಬಳಿಕ ಇಂಗ್ಲೆಂಡಿನಲ್ಲಿ ಗ್ಲೆನ್ ಪ್ಯಾಕ್ಸ್‌ಮನ್ ಎಂಬವರು, ಕೀಮೋದಲ್ಲಿ ಹೆಂಡತಿಯ ಕೂದಲು ಹೋದದ್ದು ನೋಡಲಾರದೆ, ತಲೆ ತಂಪಾಗಿಸುವ ಯಂತ್ರ ಮಾಡಿದರು. ಅವರ ಮನೆತನದ ದಂಧೆ ಬಿಯರ್ ತಂಪು ಮಾಡುವ ಯಂತ್ರದ್ದು! 1997ರಲ್ಲಿ ಅದು ಹಡರ್ಸ್‌ಫೀಲ್ಡ್‌ನ ಆಸ್ಪತ್ರೆಗೆ ಬಂತು.

ಇಷ್ಟಾದರೂ ಕೀಮೋ ನಡೆದ ಹೆಂಗಸರು ಉದುರುವ ಕೂದಲು ತೆಗೆಸಲು ನನ್ನನ್ನು ಈಗಲೂ ಮನೆಗೇ ಕರೆಸುತ್ತಾರೆ. ಹಿಂಬಾಗಿಲಿಂದ ಬಾ ಅಂದವರೂ ಇದ್ದಾರೆ. ಬೋಳು ತಲೆ ಅಂದರೆ ಹೆಂಗಸರಿಗೆ ಹಳೆಯ ಅಂಜಿಕೆ ಇನ್ನೂ ಹೋಗಿಲ್ಲ. ಚಿಕಿತ್ಸೆ ಮುಗಿದ ಒಂದೆರಡು ತಿಂಗಳಿಗೆ ಜವಳದ ಕೂದಲಿನ ಹಾಗೆ ನವಿರಾದ ಎಳೆ ಕಾಣುತ್ತದೆ. ಆಮೇಲೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಮೊದಲು ನೆಟ್ಟಗಿದ್ದದ್ದು ಗುಂಗುರಾಗಿ, ಕಪ್ಪಿದ್ದದ್ದು ಬೂದಿಬಣ್ಣವಾಗಿ ಬರುವುದುಂಟು. ಕೂದಲ ಬೇರು, ಅದರ ಬಣ್ಣ ಕೊಡುವ ಕೋಶ ಎರಡೂ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿರುತ್ತವೆ.

"ಅಣ್ಣಾ, ನಂದು ಮೊಣಕಾಲಿನ ತನಕ ನೆಟ್ಟನ ಜಡಿ ಇತ್ತು, ಈ ಗುಂಗುರು ಎಲ್ಲಿಂದ ಬಂತು?" ಅಂದರು ಒಬ್ಬ ಅಕ್ಕ. ಕಿವಿಯ ಹಿಂದಿನ ಸುರುಳಿ ಬೆರಳಿಗೆ ಸುತ್ತಿ ಬಿಟ್ಟೆ, ಚಟ್ಟನೆ ಮತ್ತೆ ಸುತ್ತಿಕೊಂಡಿತು. "ವರ್ಷ ತಡೀರಿ ಅಕ್ಕಾ" ಅಂದೆ. ಹೆಚ್ಚಿನವರಿಗೆ ವರ್ಷ, ಒಂದೂವರೆ ವರ್ಷದಲ್ಲಿ ಹಳೆಯ ಕೂದಲೇ ತಿರುಗಿ ಬರುತ್ತದೆ, ಕೆಲವರಿಗೆ ಗುಂಗುರೇ ಉಳಿಯುತ್ತದೆ.

ಕಸುಬಿನ ತಮ್ಮಂದಿರಿಗೆ ಒಂದು ಮಾತು. ಕೀಮೋ ನಡೆದವರ ತಲೆಗೆ ಬ್ಲೇಡ್ ಬೇಡವೇ ಬೇಡ. ಅವರ ಬಿಳಿ ರಕ್ತಕಣ ಕುಸಿದಿರುತ್ತವೆ, ಸಣ್ಣ ಗಾಯವೂ ಕೀವಾಗಬಹುದು. ಮಷಿನ್ನನ್ನು ಸ್ಪಿರಿಟ್‌ನಲ್ಲಿ ಒರೆಸಿ ಹಿಡಿಯಿರಿ. ಹೊಸ ಕೂದಲಿಗೆ ಬಣ್ಣ, ಸ್ಟ್ರೇಟ್ನಿಂಗ್ ಕೇಳಿದರೆ ಮೊದಲು ಡಾಕ್ಟರನ್ನು ಕೇಳಿ ಬನ್ನಿ ಎಂದು ಕಳಿಸಿ.