ಎರಡು ಪೆಟ್ಟಿಗೆಯ ಸಂಸಾರ

ಮನೆಗೊಂದು ಒಳ್ಳೇ ಸ್ಟೀರಿಯೋ ತರೋಣ ಅಂತ ಹೊರಟವರಿಗೆಲ್ಲ ಮೊದಲು ಎದುರಾಗೋದು ಒಂದು ಹಳೇ ಜಗಳ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುವ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ತಗೋಬೇಕಾ, ಅಥವಾ ಪ್ರಿ-ಆಂಪ್, ಪವರ್-ಆಂಪ್ ಅಂತ ಬೇರೆ ಬೇರೆ ತಗೋಬೇಕಾ? ಎರಡು ತಿಂಗಳಿಂದ ನಾನೂ ಇದರಲ್ಲಿ ಸಿಕ್ಕಿಕೊಂಡಿದ್ದೇನೆ. ಕೈಯಲ್ಲಿರುವುದು ಈ ವರ್ಷದ ಬೋನಸ್ಸು, ಹನ್ನೆರಡಡಿಗೆ ಹದಿನಾಲ್ಕಡಿಯ ಹಾಲ್, ಗೋಡೆಯಾಚೆ ಹತ್ತು ಗಂಟೆಗೇ ಮಲಗುವ ಪಕ್ಕದ ಮನೆಯವರು. ಸೆಪರೇಟ್ಸ್ ತಂದರೆ ಬೋನಸ್ಸಿನ ಜೊತೆಗೆ ಇಎಮ್ಐ ಕೂಡ ಬೇಕು. "ಸೀರಿಯಸ್ಸಾಗಿ ಕೇಳೋರು ಸೆಪರೇಟ್ಸೇ ತಗೊಳ್ಳೋದು ಕಣೋ" ಅಂತಾನೆ ಗೆಳೆಯ. ಯಾಕೆ ಅಂದರೆ, "ಮೊದಲಿಂದ್ಲೂ ಹಾಗೇ."

ಈ "ಮೊದಲು" ಅನ್ನೋದು ಯಾವಾಗ ಅಂತ ನೋಡೋಣ ಅನ್ನಿಸಿತು.

1947ರ ಇಂಗ್ಲೆಂಡಿಗೆ ಹೋಗಬೇಕು. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಎಂಜಿನಿಯರ್ 15 ವ್ಯಾಟಿನ ಒಂದು ವಾಲ್ವ್ ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದರು. ಆಸಕ್ತರು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಂಡರು. ಅದು ಪವರ್-ಆಂಪ್ ಮಾತ್ರ. ಅದಕ್ಕೆ ಹೊಂದುವ ಪ್ರಿ-ಆಂಪಿನ ನಕ್ಷೆಯನ್ನು ಅವರು ಕೊಟ್ಟದ್ದು 1949ರಲ್ಲಿ. ಅಂದರೆ ಇಬ್ಬರ ಹುಟ್ಟಿದ ದಿನವೇ ಬೇರೆ!

ಬೇರೆ ಇಡೋದಕ್ಕೆ ಗಟ್ಟಿ ಕಾರಣವೂ ಇತ್ತು. ರೆಕಾರ್ಡಿನ ಮೇಲೆ ಓಡುವ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಅಷ್ಟು ಬಡಪಾಯಿ ಸಿಗ್ನಲ್ಲನ್ನು ಮೇಲೆತ್ತುವ ಸರ್ಕ್ಯೂಟಿನ ಪಕ್ಕದಲ್ಲೇ ಕಬ್ಬಿಣದ ಭಾರೀ ಟ್ರಾನ್ಸ್‌ಫಾರ್ಮರ್ ಕೂರಿಸಿದರೆ, ಕರೆಂಟಿನ ಗುಂಯ್ ಅನ್ನುವ ಸದ್ದು ಹಾಡಿನೊಳಗೆ ಸೇರಿಕೊಳ್ಳುತ್ತೆ. ಮೇಲಾಗಿ ವಾಲ್ವುಗಳ ಬಿಸಿ. ಹಾಗಾಗಿ ಆ ಕಾಲದ ಸ್ಥಿತಿವಂತರ ಮನೆಗಳಲ್ಲಿ ಗುಂಡಿ ತಿರುಗಿಸುವ ಪುಟ್ಟ ಪೆಟ್ಟಿಗೆ ಮರದ ಕ್ಯಾಬಿನೆಟ್ಟಿನ ಮುಖದಲ್ಲಿ, ಬಿಸಿಯಾಗುವ ಭಾರದ ಪೆಟ್ಟಿಗೆ ಅದರ ಹೊಟ್ಟೆಯಲ್ಲಿ. 1953ರ ಕ್ವಾಡ್ II ಹೀಗೇ ಇತ್ತು. ಅದರ ಕಂಟ್ರೋಲ್ ಯೂನಿಟ್ಟಿಗೆ ಸ್ವಂತ ಕರೆಂಟಿನ ವ್ಯವಸ್ಥೆಯೂ ಇರಲಿಲ್ಲ, ಒಂದು ಕೇಬಲ್ ಮೂಲಕ ಪವರ್-ಆಂಪಿನಿಂದಲೇ ಊಟ. ಹೆಸರಿಗೆ ಬೇರೆ ಮನೆ, ಅಡುಗೆ ಮಾತ್ರ ಒಂದೇ ಒಲೆಯಲ್ಲಿ.

1958ರ ಹೊತ್ತಿಗೆ ಸ್ಟೀರಿಯೋ ರೆಕಾರ್ಡುಗಳು ಅಂಗಡಿಗೆ ಬಂದವು. ಕ್ವಾಡ್ II ಇದ್ದವರು ಇನ್ನೊಂದು ಕ್ವಾಡ್ II ಕೊಳ್ಳಬೇಕಾಯಿತು. ಇವತ್ತು ಲಕ್ಷಗಟ್ಟಲೆ ಸುರಿದು "ಮಾನೋಬ್ಲಾಕ್" ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಲ್ಲ, ಅವರಿಗದು ಬೇರೆ ದಾರಿಯಿಲ್ಲದೆ ಬಂದದ್ದು. (ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ 60ರ ದಶಕದಲ್ಲಿ ವಾಲ್ವ್ ತಯಾರಿಸುತ್ತಿತ್ತು. ನಮ್ಮಲ್ಲಿ ಅವು ಮುಖ್ಯವಾಗಿ ಸೇರಿದ್ದು ರೇಡಿಯೋಗಳಿಗೆ. ಹೈ-ಫೈ ಎಂಬ ಹುಚ್ಚಿಗೆ ಇಲ್ಲಿ ದುಡ್ಡೂ ಇರಲಿಲ್ಲ, ಸಾಮಾನೂ ಸಿಗುತ್ತಿರಲಿಲ್ಲ.)

ಆಮೇಲೆ ಟ್ರಾನ್ಸಿಸ್ಟರ್ ಬಂತು. ಬಿಸಿ ಕಡಿಮೆ, ಭಾರದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಡವೇ ಬೇಡ. 1963ರಲ್ಲಿ ಲೀಕ್ ಕಂಪನಿ ಸ್ಟೀರಿಯೋ 30 ಅನ್ನುವ ಟ್ರಾನ್ಸಿಸ್ಟರ್ ಆಂಪ್ ತಂದಾಗ ಎರಡು ಚಾನೆಲ್, ಎರಡು ಕೆಲಸ, ಎಲ್ಲವೂ ಒಂದೇ ತೆಳು ಪೆಟ್ಟಿಗೆಯಲ್ಲಿ ಹಿಡಿಸಿತು. ಬೇರೆ ಸಂಸಾರ ಹೂಡಿದ್ದಕ್ಕಿದ್ದ ಮೂಲ ಕಾರಣಗಳು ಅಲ್ಲಿಗೆ ಬಹುಮಟ್ಟಿಗೆ ತೀರಿದವು.

ಆದರೂ ಸೆಪರೇಟ್ಸ್ ಸಾಯಲಿಲ್ಲ. 70ರ ದಶಕದ ಆರಂಭದಲ್ಲಿ ಅಮೆರಿಕದ ಫೇಸ್ ಲೀನಿಯರ್ 700 ಪ್ರತಿ ಚಾನೆಲ್ಲಿಗೆ 350 ವ್ಯಾಟ್ ಕೊಡತೊಡಗಿತು. ದೊಡ್ಡ ಕೋಣೆ, ಕರೆಂಟ್ ಕುಡಿಯುವ ಹಟಮಾರಿ ಸ್ಪೀಕರ್ ಇದ್ದವರಿಗೆ ಅದು ನಿಜವಾಗಿಯೂ ಬೇಕಿತ್ತು, ಇವತ್ತಿಗೂ ಬೇಕು. ಉಳಿದವರಿಗೆ ಬೇಕಿದ್ದದ್ದು ಕಪಾಟಿನ ಶೋಭೆ ಅಂತ ನನ್ನ ಗುಮಾನಿ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರೋದು 3 ಡೆಸಿಬಲ್ ಅಷ್ಟೇ. ನನ್ನ ಹಾಲಿನಲ್ಲಿ ಅದರಿಂದ ಬದಲಾಗೋದು ಪಕ್ಕದ ಮನೆಯವರ ಮುಖಭಾವ.

ಈ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಪೆಟ್ಟಿಗೆ 1978ರ ಎನ್‌ಎಡಿ 3020. ಎರಿಕ್ ಎಡ್ವರ್ಡ್ಸನ್ ವಿನ್ಯಾಸ. ಕಾಗದದ ಮೇಲೆ ಬರೀ 20 ವ್ಯಾಟ್, ನೋಡೋಕೆ ಸಪ್ಪೆ, ಬೆಲೆಯೂ ಕಡಿಮೆ. ಆದರೆ ಕಷ್ಟದ ಸ್ಪೀಕರುಗಳನ್ನೂ ಕುಣಿಸುತ್ತಿತ್ತು. ಅದರ ಬೆನ್ನಲ್ಲಿ ಪ್ರಿ-ಔಟ್, ಮೇನ್-ಇನ್ ಅನ್ನುವ ಸಾಕೆಟ್ಟುಗಳು, ಅವನ್ನು ಜೋಡಿಸಲು ಲೋಹದ ಪುಟ್ಟ ಕೊಂಡಿಗಳು. ಕೊಂಡಿ ಕಿತ್ತರೆ ಒಂದು ಪೆಟ್ಟಿಗೆ ಎರಡು. ನಾಳೆ ದುಡ್ಡಾದರೆ ದೊಡ್ಡ ಪವರ್-ಆಂಪ್ ಸೇರಿಸಿಕೊಳ್ಳಬಹುದು, ಇವತ್ತೇ ಸಾಲ ಮಾಡಬೇಕಿಲ್ಲ. ಈ ಜಗಳಕ್ಕೆ ಇಷ್ಟು ಚೆಂದದ ರಾಜಿ ಬೇರೆ ಯಾರೂ ಮಾಡಿಸಿಲ್ಲ.

ಇನ್ನು 1982ರಲ್ಲಿ ಬಂದ ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್, ಕಾರ್ಟ್ರಿಜ್ಜಿನ 400 ಪಟ್ಟು. ಆ ಬಡಪಾಯಿ ಸಿಗ್ನಲ್ಲೇ ಇಲ್ಲದ ಮೇಲೆ ಪ್ರಿ-ಆಂಪಿಗೆ ಉಳಿದದ್ದು ಯಾವುದನ್ನು ಕೇಳಬೇಕು, ಎಷ್ಟು ಜೋರಾಗಿ ಅನ್ನುವುದಷ್ಟೇ. ನಾನಂತೂ ಎಲ್‌ಪಿ ಕೇಳುವವನಲ್ಲ, ಫೋನಿನಿಂದ ಸ್ಟ್ರೀಮ್ ಮಾಡುವವನು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಕೇಳಿ ನೋಡು, ಆಮೇಲೆ ಮಾತಾಡು" ಅಂದ. ಭಾನುವಾರ ಅವನ ಮನೆಗೆ ಹೋಗುತ್ತಿದ್ದೇನೆ, ಕೇಳೋಕೆ. ಅಲ್ಲಿಯವರೆಗೆ ಹಿಂದೆ ಪ್ರಿ-ಔಟ್ ಇರುವ ಒಂದು ಇಂಟಿಗ್ರೇಟೆಡ್ ಗುರುತು ಹಾಕಿಟ್ಟಿದ್ದೇನೆ. ಮಿಕ್ಕ ದುಡ್ಡು ಸ್ಪೀಕರಿಗೆ.